ಮುಚ್ಚಳದ ಕೆಳಗಿನ ಸೊನ್ನೆಗಳು

ನನ್ನ ಸೊನ್ನೆಗಳು ಬಹಳ ಚೆಂದ ಇರುತ್ತಿದ್ದವು. ಒಂದರ ಕೆಳಗೊಂದು, ಬಿಸಿಲಿಗೆ ಸಂಡಿಗೆ ಇಟ್ಟ ಹಾಗೆ, ಎಲ್ಲವೂ ಒಂದೇ ಅಳತೆಯವು. ಒಮ್ಮೆ ತಪಾಸಣೆಗೆ ಬಂದ ಸಾಹೇಬರು ನನ್ನ ರಜಿಸ್ಟರ್ ತಿರುವಿ, "ಎಂಥಾ ದುಂಡ ಅಕ್ಷರ ಐತ್ರಿ ನಿಮ್ಮದು!" ಎಂದು ಬೆನ್ನು ತಟ್ಟಿದ್ದರು. ಮೆಟ್ರಿಕ್ ಮುಗಿಸಿದ ಮೇಲೆ ನನ್ನ ಬರವಣಿಗೆಗೆ ಸಿಕ್ಕ ಮರ್ಯಾದೆ ಅದೊಂದೇ. ಆದರೆ ಬೇಸಿಗೆಯ ಆ ಸೊನ್ನೆಗಳಲ್ಲಿ ನಾನು ಕಣ್ಣಿಂದ ನೋಡಿ ಹಾಕಿದ್ದು ಒಂದೂ ಇಲ್ಲ. ಈಗ ವಯಸ್ಸಾಗಿದೆ, ಹೇಳಿಬಿಡುತ್ತೇನೆ.

ಬ್ಯಾಡಗಿಯ ಒಂದು ಕಚೇರಿಯಲ್ಲಿ ನಾನು ಜವಾನನಾಗಿದ್ದೆ. ಕಚೇರಿಯ ಹಿತ್ತಲಲ್ಲಿ, ತಂತಿ ಬೇಲಿಯ ನಡುವೆ, ಮಳೆ ಅಳೆಯುವ ಮಾಪಕವಿತ್ತು. ಊರವರ ಬಾಯಲ್ಲಿ ಅದು ಮಳಿ ಡಬ್ಬಿ. ಗೇಣಗಲದ ಬಾಯಿಯ ತಗಡಿನ ಕೊಳವೆ, ಒಳಗೆ ಲಾಳಿಕೆ, ಅದರ ಕೆಳಗೆ ಒಂದು ಬಾಟಲಿ. ದಿನಾ ಬೆಳಿಗ್ಗೆ ಎಂಟೂವರೆಗೆ ಬಾಟಲಿಯ ನೀರನ್ನು ಗಾಜಿನ ಅಳತೆ ಪಾತ್ರೆಗೆ ಸುರಿದು, ಎಷ್ಟು ಮಿಲಿಮೀಟರ್ ಎಂದು ನೋಡಿ ರಜಿಸ್ಟರಿನಲ್ಲಿ ಬರೆಯುವುದು ನನ್ನ ಕೆಲಸ. ಮಳೆಗಾಲದಲ್ಲಿ ಈ ಕೆಲಸವನ್ನು ನಾನು ಪೂಜೆಯಂತೆ ಮಾಡುತ್ತಿದ್ದೆ. ಗಾಜಿನ ಪಾತ್ರೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಬೇಸಿಗೆಯಲ್ಲಿ ಮಾತ್ರ ಸೋಮಾರಿತನ. ಶಿವರಾತ್ರಿಯ ಹೊತ್ತಿನಲ್ಲಿ ಎಲ್ಲಿಯ ಮಳೆ? ಆದ್ದರಿಂದ ತಿಂಗಳ ಮೊದಲ ದಿನವೇ ಚಹಾ ಕುಡಿಯುತ್ತ ಇಡೀ ತಿಂಗಳ ಸೊನ್ನೆಗಳನ್ನು ಒಂದೇ ಏಟಿಗೆ ಬರೆದು ಮುಗಿಸುತ್ತಿದ್ದೆ. ಕಾಗೆ ಹೊಲಸು ಮಾಡಬಾರದು, ಹುಡುಗರು ಹರಳು ಹಾಕಬಾರದು ಎಂದು ಮಾಪಕದ ಬಾಯಿಗೆ ವನಸ್ಪತಿ ತುಪ್ಪದ ಡಬ್ಬಿಯ ಮುಚ್ಚಳವೊಂದನ್ನು ಬಿಗಿಯಾಗಿ ಕೂರಿಸಿ, ಮೇಲೊಂದು ಕಲ್ಲು ಹೇರುತ್ತಿದ್ದೆ. ಆ ಮುಚ್ಚಳ ನಮ್ಮ ಅಕ್ಕನ ಮನೆಯದು. ಅದರ ಡಬ್ಬಿಯಲ್ಲಿ ಅಕ್ಕ ಉಪ್ಪು ತುಂಬಿಟ್ಟಿದ್ದಳು.

ಆಗೀಗ ಬೇಸಿಗೆಯಲ್ಲಿ ನಾಲ್ಕು ಹನಿ ಉದುರುತ್ತಿದ್ದವು ಎನ್ನಿ. ಒಂದೆರಡು ಸಲ ಅಂಗಳ ಹಸಿಯಾಗುವಷ್ಟೂ ಬಿದ್ದಿತ್ತು. ಆದರೆ ಬರೆದಾಗಿತ್ತಲ್ಲ! ಅಷ್ಟು ಚೆಂದದ ಸೊನ್ನೆಯನ್ನು ಹೊಡೆದು ಹಾಕಲು ಮನಸ್ಸಾಗುತ್ತಿರಲಿಲ್ಲ. ಹೀಗೆ ವರ್ಷಗಟ್ಟಲೆ ಬ್ಯಾಡಗಿಯ ಬೇಸಿಗೆ ಮಳೆಯನ್ನು ನಾನೊಬ್ಬನೇ ನಿಲ್ಲಿಸಿಟ್ಟಿದ್ದೆ.

ತಮಾಷೆ ಎಂದರೆ, ನನ್ನ ಸುಳ್ಳನ್ನು ಎಲ್ಲರಿಗಿಂತ ಹೆಚ್ಚು ನಂಬಿದವನು ನಾನೇ. ಮೆಣಸಿನಕಾಯಿ ಒಣಗಿಸುವ ಕಾಲ ಬಂದರೆ ಸಾಕು, ಸುತ್ತಲಿನ ರೈತರು ಕಚೇರಿಯ ಕಟ್ಟೆಗೆ ಬಂದು ಕೇಳುತ್ತಿದ್ದರು: "ಯಣ್ಣಾ, ಮಳಿ ಹ್ಯಾಂಗೈತಿ ನಿನ್ನ ಬುಕ್ಕಿನ್ಯಾಗ?" ನಾನು ರಜಿಸ್ಟರ್ ತೆಗೆದು, ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಿ, ಹಿಂದಿನ ವರ್ಷಗಳ ಸೊನ್ನೆಗಳನ್ನು ತೋರಿಸಿ, "ನೋಡ್ಕೋ. ಈ ತಿಂಗಳದಾಗ ಒಂದ ಹನಿ ಬಿದ್ದಿದ್ದರ ನನ್ನ ಮೀಸಿ ಬೋಳಸ್ತೀನಿ" ಎನ್ನುತ್ತಿದ್ದೆ. ನಾನೇ ಹಾಕಿದ ಸೊನ್ನೆಗಳನ್ನು ನೋಡಿ ನಾನೇ ಧೈರ್ಯ ಹೇಳುತ್ತಿದ್ದೆ!

ಅಕ್ಕ ಕಾಗಿನೆಲೆ ದಾರಿಯ ಒಂದು ಹಳ್ಳಿಗೆ ಸೊಸೆಯಾಗಿ ಹೋದವಳು. ಅವಳ ಗಂಡ, ಅಂದರೆ ನಮ್ಮ ಮಾವ, ತೀರಿಕೊಂಡ ಮೇಲೆ ಅವಳ ಇಬ್ಬರು ಮೈದುನರು, "ಹೆಣ್ಣಮಗಳು ನೀ ಯಾಕ ಬಿಸಲಾಗ ಸಾಯ್ತಿ? ಹೊಲ ನಮಗ ಬಿಡು" ಎಂದು ಒಂದೇ ಸಮನೆ ಕಾಡಿದ್ದರು. ಅಕ್ಕ ಬಿಡಲಿಲ್ಲ. ಒಂದು ವರ್ಷ ತಾನೇ ನಿಂತು ಬೆಳೆದು ತೋರಿಸುತ್ತೇನೆ, ಆಮೇಲೆ ಮಾತಾಡಿ ಎಂದಳು. ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿದ್ದಿರಬೇಕು, ಆ ವರ್ಷ ಅವಳ ಮೆಣಸಿನಕಾಯಿ ಎಂಥದ್ದು ಅಂತೀರಿ! ನೆರಿಗೆ ನೆರಿಗೆಯಾಗಿ ಸುಕ್ಕುಗಟ್ಟಿದ, ಕುಂಕುಮಕ್ಕೂ ಹೊಟ್ಟೆಕಿಚ್ಚು ಬರುವ ಕೆಂಪು. ಸಗಣಿ ಸಾರಿಸಿದ ಕಣದ ತುಂಬ ಹರವಿದ್ದಳು. ದೂರದಿಂದ ನೋಡಿದರೆ ಊರಿನ ಅಂಚಿಗೆ ಯಾರೋ ಕೆಂಪು ಜಮಖಾನೆ ಹಾಸಿದಂತೆ ಕಾಣುತ್ತಿತ್ತು. ಅದರ ಮುಂದೆ ನಿಂತರೆ ಸೀನು, ಸೀನಿದರೆ ನಗು. ಅಕ್ಕ ಮಾತ್ರ ಸೀನುತ್ತಿರಲಿಲ್ಲ, ಮೂಗಿಗೆ ಸೆರಗು ಕಟ್ಟಿಕೊಂಡು ಮಹಾರಾಣಿಯಂತೆ ಅದರ ನಡುವೆ ಓಡಾಡುತ್ತಿದ್ದಳು. ಸಂಜೆಯಾದರೆ ಕಾಯಿಯನ್ನೆಲ್ಲ ಗುಂಪೆ ಮಾಡಿ ತಾಡಪಾಲು ಮುಚ್ಚುವುದು, ಬೆಳಿಗ್ಗೆ ಮತ್ತೆ ಹರವುವುದು. ಇನ್ನು ಮೂರು ದಿನ ಒಣಗಿದರೆ ಚೀಲ ತುಂಬಬಹುದಿತ್ತು.

ಆಗಲೇ ನನ್ನ ಮಗಳ ಕುಬಸ ಬಂತು. ಅವಳನ್ನು ಕೊಟ್ಟದ್ದು ರಾಣೆಬೆನ್ನೂರಿಗೆ, ಬಟ್ಟೆ ಅಂಗಡಿಯವರ ಮನೆಗೆ. ನಮ್ಮಲ್ಲಿ ಬಸುರಿಗೆ ಹಸಿರು ಬಳೆ ತೊಡಿಸಿ ಉಡಿ ತುಂಬುವಾಗ ಮೊದಲ ಬಳೆ ಸೋದರತ್ತೆಯದೇ. ಅಕ್ಕ ಹೋಗಲೇಬೇಕು. ಆದರೆ ಕಾಯಿಯನ್ನು ಏನು ಮಾಡುವುದು? ಗುಂಪೆ ಮಾಡಿ ಮುಚ್ಚಿ ಹೋದರೆ ಒಂದು ದಿನದ ಬಿಸಿಲು ಹಾಳು, ಒಳಗೆ ಕಾವು ಹಿಡಿದರೆ ಬಣ್ಣ ಹಾಳು. ಹರವಿಯೇ ಹೋದರೆ ಮಳೆಯ ಹೆದರಿಕೆ. ಹಿಂದಿನ ದಿನ ನಾನು ಕಣಕ್ಕೆ ಹೋದಾಗ ಅಕ್ಕ ಪಡುವಣದ ಕಡೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು.

"ತಮ್ಮಾ, ಸೆಕಿ ಭಾಳ ಆಗೇತಿ. ಕಾಯಿ ಮುಚ್ಚಿ ಬರ್ತೀನಿ."

"ಅಕ್ಕಾ, ಶಿವರಾತ್ರಿ ಮುಗದ ಎಷ್ಟ ದಿನಾತು? ಈಗೇನ ಮಳಿ ಬರ್ತೈತಿ? ನನ್ನ ಬುಕ್ಕಿನ್ಯಾಗ ಒಂದ ವರ್ಷನೂ ಬಂದಿಲ್ಲ."

"ಖರೇ?"

"ನಾನ ಬರದೀನಿ, ನನಗ ಗೊತ್ತಿಲ್ಲೇನು?"

ಅಕ್ಕ ನನ್ನ ಮುಖ ನೋಡಿ ನಕ್ಕಳು. "ಸರ್ಕಾರದ ಬುಕ್ ಹೇಳಿದ ಮ್ಯಾಲ ನಾ ಯಾರು?" ಎಂದು ತಾಡಪಾಲನ್ನು ಮಡಚಿ ಗುಡಿಸಲಿನ ಒಳಗೆ ಎಸೆದಳು.

ಮರುದಿನ ಟೆಂಪೋ ಮಾಡಿಕೊಂಡು ಹೊರಟೆವು. ಶೇಂಗಾ ಹೋಳಿಗೆ, ಕರಿಗಡಬು, ಸಜ್ಜಿ ರೊಟ್ಟಿ, ಮಾದಲಿ, ಮೊಸರನ್ನದ ಬುತ್ತಿ. ಹೆಂಗಸರು ಹತ್ತು ಜನ, ಬುಟ್ಟಿ ಹದಿನೈದು, ನಾನು ಹಿಂದಿನ ಹಲಗೆಗೆ ಜೋತು ಬಿದ್ದಿದ್ದೆ. ದಾರಿಯುದ್ದಕ್ಕೂ ಹಾಡು, ಚೇಷ್ಟೆ. ಅಕ್ಕನಷ್ಟು ಜೋರಾಗಿ ಹಾಡಿದವರು ಯಾರೂ ಇಲ್ಲ. ಮಾವ ಹೋದ ಮೇಲೆ ಅವಳು ಬಾಯಿ ಬಿಟ್ಟು ಹಾಡಿದ್ದನ್ನು ಅಂದೇ ಕೇಳಿದ್ದು.

ಬೀಗರು ಬಹಳ ಗಂಭೀರ ಮನುಷ್ಯ. ಮದುವೆಯಲ್ಲಿಯೂ ಅವರ ಹಲ್ಲು ಯಾರಿಗೂ ಕಂಡಿರಲಿಲ್ಲ. ಮನೆಯ ಮುಂದೆ ಪೆಂಡಾಲು ಹಾಕಿಸಿದ್ದರು. ಅಕ್ಕ ಮೊದಲ ಬಳೆ ತೊಡಿಸಿದಳು, ಉಡಿ ತುಂಬಿದಳು, ಊಟಕ್ಕೆ ಎಲೆ ಹಾಕಿದರು. ಎರಡನೆಯ ಹೋಳಿಗೆಗೆ ನಾನು ತುಪ್ಪ ಹಾಕಿಸಿಕೊಳ್ಳುತ್ತಿದ್ದಾಗ ಬೆಳಕು ಒಮ್ಮೆಲೇ ಬಾಡಿತು. ಯಾರೋ ಪೆಂಡಾಲಿನ ಮೇಲೆ ಒಂದು ಹಿಡಿ ಹರಳು ಎಸೆದ ಸಪ್ಪಳ. ಆಮೇಲೆ ಬುಟ್ಟಿಗಟ್ಟಲೆ. ಅಷ್ಟರಲ್ಲಿ ನನ್ನ ತುಪ್ಪದೊಳಗೆ ನಿಂಬೆಹಣ್ಣಿನ ಗಾತ್ರದ್ದೊಂದು ಬಿದ್ದು ಮುಖಕ್ಕೆಲ್ಲ ಸಿಡಿಯಿತು.

"ಆಣಿಕಲ್ಲೂ!" ಎಂದು ಹುಡುಗಿಯೊಬ್ಬಳು ಚೀರಿದಳು.

ಪೆಂಡಾಲು ಹರಿಯಿತು. ಜನ ಎದ್ದು ಮನೆಯೊಳಗೆ ಓಡುವ ಬದಲು ಬಯಲಿಗೆ ನುಗ್ಗಿದರು! ಅಂಥ ಸೆಕೆ ಕಂಡ ಮೈಗೆ ಅಂಥ ತಂಪು ಬಿದ್ದರೆ ತಲೆ ನೆಟ್ಟಗಿರುತ್ತದೆಯೇ? ಒಬ್ಬರು ತಲೆಯ ಮೇಲೆ ಗಂಗಾಳ ಹಿಡಿದರು, ಒಬ್ಬರು ಪರಾತ, ಅಡುಗೆಯವನು ಅನ್ನ ಬಸಿಯುವ ಬುಟ್ಟಿಯನ್ನೇ ಮಗುಚಿ ಹಾಕಿಕೊಂಡ. ಗಂಗಾಳಗಳ ಮೇಲೆ ಆಣಿಕಲ್ಲು ಬಡಿದು ಎಂಥ ಬಾಜಾ ಎದ್ದಿತೆಂದರೆ ಕಾಲು ತಾವಾಗಿಯೇ ಕುಣಿಯತೊಡಗಿದವು. ನಾನು ಕುಣಿದೆ. ಹಲ್ಲು ಕಾಣಿಸದ ಬೀಗರು ಧೋತರ ಎತ್ತಿ ಕಟ್ಟಿ, ತಲೆಯ ಮೇಲೆ ದಿಂಬು ಹಿಡಿದು ಕುಣಿದರು. ಅವರ ಮುಂದಿನ ಎರಡು ಹಲ್ಲು ಇಲ್ಲವೆಂದು ನಮಗೆ ಗೊತ್ತಾದದ್ದು ಆಗಲೇ. ಕಟ್ಟೆಯ ಮೇಲೆ ನಿಂತ ನನ್ನ ಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತ, "ಅತ್ತೀ, ನನಗ ಆಣಿಕಲ್ಲ ತಿನ್ನೂ ಹಂಗ ಆಗೇತಿ!" ಎಂದು ಕೂಗಿದಳು. ಬಸುರಿಯ ಬಯಕೆ! ಅಕ್ಕ ಹೊಸ ಸೀರೆಯ ಸೆರಗೊಡ್ಡಿ ಅಂಗಳದ ತುಂಬ ಓಡಾಡಿ ಆರಿಸಿದಳು. ಬೆನ್ನಿಗೆ ಬಿದ್ದಾಗಲೆಲ್ಲ "ಅಯ್ಯಯ್ಯಪ್ಪ!" ಎಂದು ಜಿಗಿದು ನಗುತ್ತಿದ್ದಳು. ನನ್ನ ಮಗಳ ಬಾಯಿಗೊಂದು, ತನ್ನ ಬಾಯಿಗೊಂದು, ನನ್ನ ಬಾಯಿಗೊಂದು ತುರುಕಿದಳು.

ನಾಲ್ಕನೆಯದನ್ನು ಕೈಯಲ್ಲಿ ಹಿಡಿದವಳು ಹಾಗೇ ನಿಂತುಬಿಟ್ಟಳು. ಬೆರಳ ಸಂದಿಯಿಂದ ನೀರು ಇಳಿಯುತ್ತಿತ್ತು.

"ತಮ್ಮಾ," ಎಂದಳು ಮೆಲ್ಲಗೆ, "ಇದು ರಾಣೆಬೆನ್ನೂರಿಗಷ್ಟ ಅಲ್ಲೇನು?"

ಬಾಯಿ ತುಂಬ ಇದ್ದ ಮಂಜನ್ನು ಉಗುಳಿ ನಾನು ಟೆಂಪೋದ ಕಡೆ ಓಡಿದೆ.

ಟೆಂಪೋದವನನ್ನು ಎಬ್ಬಿಸಿ ಹೊರಟೆವು. ರಾಣೆಬೆನ್ನೂರು ದಾಟಿ ಸ್ವಲ್ಪ ದೂರಕ್ಕೆ ರಸ್ತೆ ಒಣಗಿತ್ತು. ಮೋಟೆಬೆನ್ನೂರಿನಲ್ಲಿ ಧೂಳು ಏಳುತ್ತಿತ್ತು! ನಾನು ಕೆಳಗಿಳಿದು ಆ ಧೂಳನ್ನು ಹಿಡಿಯಷ್ಟು ಎತ್ತಿ ಅಕ್ಕನಿಗೆ ತೋರಿಸಿದೆ. "ನೋಡು, ಪುಟಾಣಿ ಹಿಟ್ಟಿನಂಗೈತಿ! ನಾ ಹೇಳಲಿಲ್ಲೇನು?" ಹೆಂಗಸರೆಲ್ಲ ನಕ್ಕರು. ಅಕ್ಕನೂ ಉಸಿರು ಬಿಟ್ಟು, "ನಿನ್ನ ಬುಕ್ಕಿಗೆ ಒಂದ ಕಾಯಿ ಒಡಸ್ತೀನಿ" ಎಂದಳು. ಮತ್ತೆ ಹಾಡು ಶುರುವಾಯಿತು. ಬ್ಯಾಡಗಿ ಕಡೆ ತಿರುಗಿ ಎರಡು ಹಾಡು ಮುಗಿಯುವುದರೊಳಗೆ ಟೆಂಪೋದ ಗಾಲಿ ನೀರು ಹಾರಿಸತೊಡಗಿತು. ಹಾಡು ಯಾರೂ ನಿಲ್ಲಿಸು ಅನ್ನದೆ ತಾನೇ ನಿಂತಿತು.

ಕಣದ ಹತ್ತಿರ ಹೋದಾಗ ಬಿಸಿಲು ಬಿದ್ದಿತ್ತು, ನಾಚಿಕೆಯಿಲ್ಲದ ಬಿಸಿಲು. ಕೆಂಪು ಜಮಖಾನೆ ಅಲ್ಲಿರಲಿಲ್ಲ. ಅದು ಕಾಲುವೆಯಲ್ಲಿ ಹರಿದು ಹೋಗುತ್ತಿತ್ತು. ಒಣಗಿದ ಕಾಯಿ ಹಗುರ, ಸಾವಿರಾರು ಕಾಯಿಗಳು ಪಕ್ಕದವರ ಜೋಳದ ಹೊಲದ ಕಡೆಗೆ ತೇಲುತ್ತ ಹೊರಟಿದ್ದವು. ಊರಿನವರು ಆಗಲೇ ಇಳಿದಿದ್ದರು. ಮೊರದಿಂದ ಹಿಡಿಯುವವರು, ಬುಟ್ಟಿಯಿಂದ ಹಿಡಿಯುವವರು. ಒಬ್ಬಾಕೆ ಸೊಳ್ಳೆ ಪರದೆಯನ್ನು ಮೀನಿನ ಬಲೆಯ ಹಾಗೆ ಕಾಲುವೆಗೆ ಅಡ್ಡ ಕಟ್ಟಿದ್ದಳು. ಎಲ್ಲರೂ ಸೀನುತ್ತಿದ್ದರು, ಸೀನಿದ ರಭಸಕ್ಕೆ ಜಾರಿ ಬೀಳುತ್ತಿದ್ದರು. ಅಕ್ಕ ಕುಬಸದ ಸೀರೆಯಲ್ಲೇ ಮೊಣಕಾಲು ನೀರಿಗಿಳಿದು ಬಾಚತೊಡಗಿದಳು. ಒಂದು ಬೊಗಸೆ ಎತ್ತಿ ನೋಡಿ ಅವಳಿಗೆ ನಗು ಬಂತು. ನಿಲ್ಲದ ನಗು. ಅದು ನಗುವಲ್ಲ ಎಂದು ನನಗೆ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಹಿಡಿದಷ್ಟನ್ನು ಮತ್ತೆ ಒಣಗಿಸಿದಳು. ಎಲ್ಲ ಬಿಳಿಗಾಯಿ ಆಯಿತು, ಅಂದರೆ ಬಣ್ಣ ಬಿಟ್ಟು ಮುದುಕರ ಗಡ್ಡದಂತಾದ ಕಾಯಿ. ಬ್ಯಾಡಗಿಯಲ್ಲಿ ಅದರ ಕಡೆ ಯಾರೂ ತಿರುಗಿ ನೋಡುವುದಿಲ್ಲ.

ಮರುದಿನ ಬೆಳಿಗ್ಗೆ ಎಂಟೂವರೆಗೆ, ಬೇಸಿಗೆಯಲ್ಲಿ ಮೊದಲ ಸಲ, ನಾನು ಮಳಿ ಡಬ್ಬಿಯ ಹತ್ತಿರ ಹೋದೆ. ಹಿತ್ತಲೆಲ್ಲ ಕೆಸರು. ಮಾಪಕದ ಮೇಲೆ ಮುಚ್ಚಳ, ಮುಚ್ಚಳದ ಮೇಲೆ ಕಲ್ಲು, ಎರಡೂ ಇದ್ದಲ್ಲೇ ಇದ್ದವು. ಮುಚ್ಚಳದ ತುಂಬ ಆಣಿಕಲ್ಲು ಬಡಿದು ತಗ್ಗು ಬಿದ್ದಿದ್ದವು, ಸಿಡುಬು ಎದ್ದ ಮುಖದ ಹಾಗೆ. ಒಳಗಿನ ಬಾಟಲಿ ಒಣ ಒಣ. ಅದರಲ್ಲೊಂದು ಜೇಡ ಸಂಸಾರ ಹೂಡಿತ್ತು. ಊರೆಲ್ಲ ತೇಲಿ ಹೋದ ಮಳೆಯಲ್ಲಿ ಒಂದು ಹನಿಯೂ ನನ್ನ ಮಾಪಕಕ್ಕೆ ಬಿದ್ದಿರಲಿಲ್ಲ! ನನಗೆ ನಗು ತಡೆಯಲಾಗಲಿಲ್ಲ. ಬೇಲಿ ಹಿಡಿದುಕೊಂಡು ಒಬ್ಬನೇ ನಕ್ಕೆ. ಆಮೇಲೆ ಒಳಗೆ ಹೋಗಿ ಆ ದಿನದ ಸೊನ್ನೆಯನ್ನು ಹೊಡೆದು, ಅದರ ಪಕ್ಕಕ್ಕೆ ಮನಸ್ಸಿಗೆ ಬಂದ ಒಂದು ದೊಡ್ಡ ಅಂಕಿ ಬರೆದೆ. ದಶಾಂಶ ಚುಕ್ಕೆ ಕೂಡ ಇಟ್ಟೆ, ನಂಬಲಿ ಎಂದು. ಮುಚ್ಚಳವನ್ನು ಮನೆಗೆ ತಂದು ಅಟ್ಟದ ಮೇಲೆ ಬಚ್ಚಿಟ್ಟೆ.

ಅಕ್ಕನ ಮೈದುನರು ಊರ ಕಟ್ಟೆಯ ಮೇಲೆ ಕುಳಿತು ಹೇಳಿದ್ದು ಸುತ್ತೆಲ್ಲ ಹಬ್ಬಿತು: "ಕಣಾ ಬಿಟ್ಟು ಆಣಿಕಲ್ಲ ತಿನ್ನಾಕ ಹೋಗಿದ್ಲು. ಒಕ್ಕಲತನ ಅಂದ್ರ ಕುಬಸ ಅಂತ ತಿಳದಾಳ." ಅಕ್ಕ ಆ ಮಾತಿಗೆ ಸೋತಳು. ಹೊಲವನ್ನು ಅವರಿಗೆ ಬಿಟ್ಟುಕೊಟ್ಟು, ಬ್ಯಾಡಗಿಯ ನಮ್ಮ ಮನೆಗೆ ಬಂದು ಇದ್ದುಬಿಟ್ಟಳು. ಓಣಿಯ ಹೆಂಗಸರ ಜೊತೆ ಕುಳಿತು ಬೇರೆಯವರ ಮೆಣಸಿನಕಾಯಿಯ ತೊಟ್ಟು ಬಿಡಿಸತೊಡಗಿದಳು. ಯಾರಾದರೂ ನನ್ನನ್ನು ದೂರಿದರೆ ಮೈಮೇಲೆ ಬೀಳುತ್ತಿದ್ದಳು: "ನನ್ನ ತಮ್ಮಂದೇನ ತಪ್ಪು? ಅಂವ ಬರದದ್ದ ಹೇಳ್ಯಾನ. ಮುಗಲ ಮೋಸ ಮಾಡ್ತು. ನಾ ಹಾಡ್ಕೋಂತ ಹ್ವಾದೆ, ನನ್ನ ತಪ್ಪು."

ಎರಡು ವರ್ಷ ನಾನು ಅವಳು ಬಡಿಸಿದ ರೊಟ್ಟಿ ತಿಂದೆ, ಈ ಮಾತನ್ನೂ ನುಂಗಿದೆ.

ಆ ಎರಡು ವರ್ಷ ಮಾತ್ರ ಮುಚ್ಚಳ ಹಾಕಲಿಲ್ಲ, ಬೇಸಿಗೆಯಲ್ಲಿಯೂ ದಿನಾ ನೋಡಿಯೇ ಬರೆದೆ. ಮಳೆಗಾಲದ ಮಳೆಯೂ ಹುಚ್ಚು ಹಿಡಿದಂತೆ ಆಡುತ್ತಿತ್ತು. ಮೊದಲಾದರೆ ಆರಿದ್ರಾ ಮಳೆ ಹಿಡಿದರೆ ವಾರಗಟ್ಟಲೆ ಜಿಟಿಜಿಟಿ, ಅಳತೆ ಪಾತ್ರೆಯ ತಳದಲ್ಲಿ ನಾಲ್ಕು ಗೆರೆ, ಐದು ಗೆರೆ. ಈಗ ಹದಿನೈದು ದಿನ ಮುಗಿಲು ನೋಡಿ ಕತ್ತು ನೋವು, ಹದಿನಾರನೆಯ ದಿನ ಬಾಟಲಿ ತುಂಬಿ ಹೊರಗಿನ ಕೊಳವೆಗೆ ಚೆಲ್ಲುವಷ್ಟು ಮಳೆ.

ಒಂದು ಮಧ್ಯಾಹ್ನ ಧಾರವಾಡದಿಂದ ಒಬ್ಬ ಹುಡುಗಿ ಬಂದಳು. ಮಳೆ ಬದಲಾಗುತ್ತಿರುವುದರ ಮೇಲೆ ದೊಡ್ಡ ಓದು ಓದುತ್ತಿದ್ದವಳು. ಕಚೇರಿಯಲ್ಲಿ ನಾನಿಲ್ಲವೆಂದು ವಿಳಾಸ ಕೇಳಿಕೊಂಡು ಮನೆಗೇ ಬಂದಿದ್ದಳು. ಪಡಸಾಲೆಯಲ್ಲಿ ಅಕ್ಕ ಮತ್ತು ಓಣಿಯ ನಾಲ್ವರು ಹೆಂಗಸರು ಮೆಣಸಿನಕಾಯಿ ರಾಶಿಯ ಸುತ್ತ ಕುಳಿತಿದ್ದರು. ಹುಡುಗಿ ಹೊಸ್ತಿಲಲ್ಲೇ ಐದು ಸಲ ಸೀನಿದಳು.

"ಕಾಕಾರ," ಎಂದಳು ಕಣ್ಣೊರೆಸಿಕೊಳ್ಳುತ್ತ, "ಮೂರು ತಿಂಗಳಾತು, ನಿಮ್ಮ ಬ್ಯಾಡಗಿ ನನ್ನ ನಿದ್ದಿ ಕೆಡಿಸೇತ್ರಿ."

ಹಾವೇರಿಯ ರಜಿಸ್ಟರ್, ರಾಣೆಬೆನ್ನೂರಿನ ರಜಿಸ್ಟರ್, ನನ್ನ ರಜಿಸ್ಟರ್, ಮೂರರ ನಕಲೂ ಅವಳ ಚೀಲದಲ್ಲಿದ್ದವು. ಮೂರನ್ನೂ ಪಕ್ಕಪಕ್ಕಕ್ಕೆ ಹರವಿ ತೋರಿಸಿದಳು. "ಮಳಿಗಾಲದಾಗ ಮೂರೂ ಊರು ಅಕ್ಕತಂಗೇರ ಹಂಗ ಹೊಂದ್ಕೊಂಡ ಹೊಂಟಾವ. ಆದ್ರ ಬ್ಯಾಸಗ್ಯಾಗ ನೋಡ್ರಿ. ಹಾವೇರ್‍ಯಾಗ ಮಳಿ, ರಾಣೆಬೆನ್ನೂರಾಗ ಮಳಿ, ನಡುವಿನ ಬ್ಯಾಡಗ್ಯಾಗ ಸೊನ್ನಿ! ಇತ್ತೀಚಿನ ವರ್ಷದಾಗ ಅಲ್ಲಿ ಬ್ಯಾಸಗಿ ಮಳಿ ಹೆಚ್ಚಾಗಾಕತ್ತೇತಿ, ಇಲ್ಲಿ ಮಾತ್ರ ಸೊನ್ನಿ, ಸೊನ್ನಿ, ಸೊನ್ನಿ. ಆಮ್ಯಾಲ ಎರಡ ವರ್ಷದ ಹಿಂದ ಒಮ್ಮಿಂದೊಮ್ಮೆಲೆ ಇಷ್ಟ ದೊಡ್ಡ ಮಳಿ, ಅಲ್ಲಿಂದ ಇತ್ಲಾಗ ಇಲ್ಲೂ ಹಾವೇರಿ ಹಂಗ. ಅಲ್ಲೀ ಮಟಾ ಮಳಿ ಮಾಡ ಬ್ಯಾಡಗಿ ಬಿಟ್ಟು ಯಾಕ ದಾಟಿ ಹೋಗ್ತಿದ್ವು ಅನ್ನೂದ ತಿಳೀವಲ್ದು. ಇಲ್ಲಿ ಏನೋ ವಿಶೇಷ ಐತ್ರಿ."

ಪಡಸಾಲೆಯಲ್ಲಿ ಹಬ್ಬವೇ ಶುರುವಾಯಿತು!

"ನಮ್ಮ ಮೆಣಸಿನಕಾಯಿ ಘಾಟಿಗೆ ರೀ! ಮಾಡಕ್ಕೂ ಸೀನ ಬರ್ತೈತಿ!" ಎಂದಳು ಒಬ್ಬಳು.

"ಹೌದ್ರಿ, ಬ್ಯಾಡಗಿ ಬಂತು ಅಂದಕೂಡ್ಲೆ ಮೂಗ ಮುಚ್ಕೊಂಡ ಹಾವೇರಿಗೆ ಓಡ್ತಾವ!" ಎಂದಳು ಇನ್ನೊಬ್ಬಳು.

ಹುಡುಗಿಯೂ ನಕ್ಕಳು, ಆದರೆ ಪುಸ್ತಕ ತೆಗೆದು ಏನೋ ಬರೆದುಕೊಂಡಳು. ಖರೇ ಬರೆದುಕೊಂಡಳು! ನನ್ನ ಸೋಮಾರಿತನ ಇನ್ನೇನು ವಿಜ್ಞಾನವಾಗುವುದರಲ್ಲಿತ್ತು. ನಾನು ಸುಮ್ಮನಿದ್ದರೆ ಸಾಕಿತ್ತು. ಬ್ಯಾಡಗಿಯ ಹೆಸರು ಎಲ್ಲೆಲ್ಲಿಗೋ ಹೋಗುತ್ತಿತ್ತು, ನನ್ನ ದುಂಡು ಅಕ್ಷರದ ಹೆಸರೂ ಹೋಗುತ್ತಿತ್ತು. ತಲೆ ಗಿರ್ರೆಂದು ತಿರುಗಿ, ನನಗೂ ಅದು ಖರೇ ಇರಬಹುದೇನೋ ಅನ್ನಿಸಿಬಿಟ್ಟಿತು.

ನಗದೆ ಉಳಿದವಳು ಅಕ್ಕ ಒಬ್ಬಳೇ. ಕೈಯಲ್ಲಿ ಒಂದು ಕಾಯಿ ಹಿಡಿದು, ತೊಟ್ಟು ಮುರಿಯದೆ ಕುಳಿತಿದ್ದಳು.

"ಯವ್ವಾ," ಎಂದಳು ಹುಡುಗಿಗೆ, "ಹಾವೇರ್‍ಯಾಗ ಬ್ಯಾಸಗ್ಯಾಗ ಮೊದಲಿಂದನೂ ಮಳಿ ಬೀಳ್ತಿತ್ತೇನು? ಬುಕ್ಕಿನ್ಯಾಗ ಐತೇನು?"

"ಐತ್ರಿ ಅಜ್ಜಿ. ಆ ದೊಡ್ಡ ಮಳಿಗಿಂತ ಮುಂಚೆ ಐದಾರು ಸಲ ಐತಿ."

"ಅದ ನನಗ ಗೊತ್ತಿದ್ದಿದ್ದರ ಕಾಯಿ ಮುಚ್ಚಿ ಹೋಗ್ತಿದ್ದೆ," ಎಂದಳು ಅಕ್ಕ. ಮತ್ತೆ ತನ್ನನ್ನೇ ಸಮಾಧಾನ ಮಾಡಿಕೊಳ್ಳುವವಳ ಹಾಗೆ, "ಆದ್ರ ನನ್ನ ತಮ್ಮನ ಬುಕ್ಕ ಸುಳ್ಳ ಹೇಳೂದುಲ್ಲ. ನಮ್ಮೂರಾಗ ಬಿದ್ದಿರಲಿಲ್ಲ" ಎಂದಳು.

ನಾನು ಎದ್ದೆ. ಏಣಿ ಹಾಕಿ ಅಟ್ಟ ಹತ್ತಿದೆ. ಎಲ್ಲರೂ ಇವನಿಗೇನಾಯಿತು ಎಂದು ನೋಡುತ್ತಿದ್ದರು. ಮುಚ್ಚಳ ತಂದು ಮೆಣಸಿನಕಾಯಿ ರಾಶಿಯ ಮೇಲಿಟ್ಟೆ.

"ಮಾಡ ದಾಟಿ ಹೋಗಲಿಲ್ಲ, ತಂಗಿ," ಎಂದೆ. "ಇದು ತಡೀತು."

ಹೇಳಿದೆ. ಚಹಾ ಕುಡಿಯುತ್ತ ಬರೆದದ್ದು, ಕಲ್ಲು, ಜೇಡ, ದಶಾಂಶ ಚುಕ್ಕೆ, ಎಲ್ಲ. ಮಳೆಗಾಲದ ಅಂಕಿಗಳು ನಿಜ, ಈ ಎರಡು ವರ್ಷದವು ಬಿಟ್ಟರೆ ಬೇಸಿಗೆಯವೆಲ್ಲ ಸುಳ್ಳು ಎಂದೆ. ಹುಡುಗಿ ಪೆನ್ನು ಮುಚ್ಚಿದಳು. ಅವಳಿಗೆ ಸಿಟ್ಟು ಬಂದಿತ್ತು. ಆದರೆ ಎರಡನೆಯ ಮಾತಿಗೇ ಅವಳ ತುಟಿ ನಡುಗಿತು. "ಮೂರು ತಿಂಗಳು... ಒಂದು ಡಬ್ಬಿ ಮುಚ್ಚಳದ ಮ್ಯಾಲ..." ಎಂದವಳೇ ನಗಲು ಶುರುಮಾಡಿದಳು. ನಗುತ್ತ ಸೀನಿದಳು, ಸೀನುತ್ತ ನಕ್ಕಳು. ಹೆಂಗಸರೂ ಸೇರಿಕೊಂಡರು. ನಾನೊಬ್ಬನೇ ಅಕ್ಕನ ಕಡೆ ನೋಡುತ್ತ ನಿಂತಿದ್ದೆ.

ಅಕ್ಕ ಮುಚ್ಚಳ ಎತ್ತಿಕೊಂಡು ಅದರ ತಗ್ಗುಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದಳು.

"ಇದು ನನ್ನ ಉಪ್ಪಿನ ಡಬ್ಬೀದು," ಎಂದಳು.

"ಹೌದಕ್ಕಾ."

"ಎರಡ ವರ್ಷ ನಾ ನನ್ನ ನಾನ ಬೈಕೊಂಡೇನಿ. ಹಾಡಿದ್ದ ತಪ್ಪು, ನಕ್ಕಿದ್ದ ತಪ್ಪು ಅಂತ. ಆಮ್ಯಾಲ ಒಂದ ದಿನಾನೂ ಹಾಡಿಲ್ಲ ನಾ."

"ಹೌದಕ್ಕಾ."

"ಏನ ಹೌದಕ್ಕಾ! ಮಂಗ್ಯಾನಂಥಾವನ!" ಎಂದವಳೇ ಮುಚ್ಚಳದಿಂದ ನನ್ನ ನೆತ್ತಿಗೆ ಒಂದು ಕೊಟ್ಟಳು. ಗಂಗಾಳಕ್ಕೆ ಆಣಿಕಲ್ಲು ಬಡಿದ ಹಾಗೇ ಸಪ್ಪಳವಾಯಿತು. ಅಕ್ಕನಿಗೂ ಅದೇ ನೆನಪಾಗಿರಬೇಕು. ಅವಳ ಮುಖ ಸಡಿಲಾಯಿತು. ಇನ್ನೊಂದು ಕೊಟ್ಟಳು. ಮೂರನೆಯದಕ್ಕೆ ಅವಳೂ ನಗುತ್ತಿದ್ದಳು. ಈ ಸಲದ್ದು ನಗುವೇ ಆಗಿತ್ತು.

ಆಮೇಲೆ ಶುರುವಾಯಿತು ನನ್ನ ವಿಚಾರಣೆ. ಹೆಂಗಸರು ನಾನು ನುಂಗಿದ ಮಳೆಗಳನ್ನು ಒಂದೊಂದಾಗಿ ಹೊರಗೆಳೆದರು. "ನನ್ನ ಹಪ್ಪಳ ಎಲ್ಲಾ ಅಂಟಿ ಒಂದ ಚಪಾತಿ ಆತಲ್ಲ, ಅವತ್ತ?" "ಹೋಳಿಹುಣ್ಣಿವಿ ಬಣ್ಣಾ ಮುಗಲ ತೊಳದದ್ದು?" "ನಮ್ಮ ಎಮ್ಮಿ ಈದ ದಿನ ಹಿತ್ತಲದಾಗ ನೀರ ನಿಂತಿತ್ತು, ಅದೂ ಸೊನ್ನಿ ಏನ್ರಿ ಅಣ್ಣಾರ?" ಅದೂ ಸೊನ್ನೆ. ಹುಡುಗಿ ಮತ್ತೆ ಪೆನ್ನು ತೆಗೆದು ಎಲ್ಲ ಬರೆದುಕೊಂಡಳು. ಕೊನೆಗೆ ಹೇಳಿದಳು: ಮಳೆ ಬಿದ್ದದ್ದು ಇವರಿಗೆ ನೆನಪಿದೆ, ಎಷ್ಟು ಬಿತ್ತು ಎನ್ನುವುದು ಮಾತ್ರ ಇನ್ನು ಯಾರಿಗೂ ಸಿಗುವುದಿಲ್ಲ. ಆ ಹಾಳೆಗಳನ್ನು ಲೆಕ್ಕದಿಂದ ತೆಗೆಯಲೇಬೇಕು.

"ಅಷ್ಟಕ್ಕೂ ಮುಗಲಿಗೆ ಏನ ರೋಗ ಬಂದೈತವ್ವ?" ಎಂದು ಅಕ್ಕ ಕೇಳಿದಳು.

"ಗಾಳಿ ಕಾಯಾಕತ್ತೇತ್ರಿ ಅಜ್ಜಿ. ಹೊಗಿ, ಗಾಡಿ, ಕಾರಖಾನಿ, ಜಗತ್ತಿನ್ಯಾಗಿನ ಎಲ್ಲಾರದೂ ಸೇರಿ. ಕಾದ ಗಾಳಿ ಹೆಚ್ಚ ನೀರ ಹಿಡಕೋತೈತಿ. ನೆಲದ ಹಸಿ ಲಗೂ ಹೀರಿ ಬರಾನೂ ತರತೈತಿ, ಬಿಟ್ಟರ ಒಮ್ಮೆಲೆ ಸುರೀತೈತಿ. ಇದೊಂದ ಮಳಿ ಅದರಿಂದನ ಬಂತು ಅಂತ ನಾ ಆಣಿ ಮಾಡಿ ಹೇಳೂದುಲ್ಲ. ಹಂಗ ಹೇಳಬೇಕಂದ್ರ ಭಾಳ ವರ್ಷದ, ಭಾಳ ಊರಿನ ಖರೇ ಲೆಕ್ಕ ಬೇಕು," ಎಂದು ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ.

"ಅಂದ್ರ ಮುಗಲಿನ ಹೊಟ್ಟಿ ದೊಡ್ಡದಾಗೇತಿ," ಎಂದಳು ಅಕ್ಕ. "ಕುಡಿಯೂದೂ ಹೆಚ್ಚು, ಕಾರೂದೂ ಹೆಚ್ಚು."

ಹುಡುಗಿ ಅದನ್ನೂ ಬರೆದುಕೊಂಡಳು.

ಮರುದಿನ ಬೆಳಗಿನ ಬಸ್ಸಿಗೇ ಅಕ್ಕ ನನ್ನನ್ನು ತನ್ನ ಊರಿಗೆ ಎಳೆದುಕೊಂಡು ಹೋದಳು. ಅದೇ ಕಟ್ಟೆ, ಅದೇ ಮೈದುನರು. "ನಿನ್ನೆ ಹೇಳಿದ್ದ ಇಲ್ಲಿ ಹೇಳು, ಜೋರಾಗಿ" ಎಂದಳು. ಹೇಳಿದೆ. ಮಾತು ಮುಗಿದ ಮೇಲೆ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, "ಕೇಳಿದ್ರಿಲ್ಲ? ನಾ ಹಾಡಿದ್ದಕ್ಕ ಮಳಿ ಬಂದಿಲ್ಲ. ಬರೂ ಯುಗಾದಿಗೆ ನನ್ನ ಹೊಲಾ ನನಗ" ಎಂದಳು. ಹಿರಿಯ ಮೈದುನ ನನ್ನನ್ನೇ ನೋಡಿ, "ಅಲ್ರಿ, ನಾವೂ ನಿಮ್ಮ ಬುಕ್ಕ ನಂಬಿ ಎಷ್ಟ ಸಲ ಕಾಯಿ ಹರವೀವಿ!" ಎಂದ. ಅಲ್ಲಿದ್ದ ಅರ್ಧ ಊರು ಹೌದೆಂದಿತು. ಕಿರಿಯವನು, "ಮೀಸಿ ಬೋಳಸ್ತೀನಿ ಅಂದಿದ್ರಿ" ಎಂದು ನೆನಪಿಸಿದ. ಊರಿನ ಕ್ಷೌರಿಕ ಅಲ್ಲೇ ಇದ್ದ. ಬೋಳಿಸಿದೆ. ಬರಿಯ ಮೇಲ್ದುಟಿಗೆ ಗಾಳಿ ತಾಗಿ ಕಚಗುಳಿ ಇಟ್ಟ ಹಾಗಾಗಿ, ಅಷ್ಟು ಜನರ ನಡುವೆ ನನಗೆ ನಗು ಬಂದುಬಿಟ್ಟಿತು. ಕಚೇರಿಗೂ ಬರೆದುಕೊಟ್ಟೆ. ಮಾಪಕದ ಕೆಲಸವನ್ನು ನನ್ನ ಕೈಯಿಂದ ತೆಗೆದರು. ಅದು ಸರಿಯೇ.

ಅಕ್ಕನ ಎರಡು ವರ್ಷ ಮಾತ್ರ ಹೋದವು. ಅವನ್ನು ಯಾವ ಕ್ಷೌರವೂ ತರಲಿಲ್ಲ.

ಯುಗಾದಿಗೆ ಹೊಲ ಬಂತು. ಅಕ್ಕ ತನ್ನ ಊರಿಗೆ ಮರಳಿ, ಉಪ್ಪನ್ನು ಮಣ್ಣಿನ ಗಡಿಗೆಗೆ ಸುರಿದು, ಆ ವನಸ್ಪತಿ ಡಬ್ಬಿಯನ್ನು ತೊಳೆದು, ಕಣದ ನಡುವೆ ಗೂಟ ನೆಟ್ಟು ಬಾಯಿ ತೆರೆದು ಕೂರಿಸಿದಳು. ಒಂದು ಫೂಟುಪಟ್ಟಿಯನ್ನು ಅದರಲ್ಲಿ ಇಳಿಬಿಟ್ಟು ಅಳೆಯುವುದನ್ನು ಧಾರವಾಡದ ಹುಡುಗಿಯೇ ಕಲಿಸಿ ಹೋದಳು. ತಗ್ಗು ಬಿದ್ದ ಮುಚ್ಚಳ ಗುಡಿಸಲಿನ ಮೊಳೆಗೆ ತೂಗುತ್ತದೆ. ಮೆಣಸಿನಕಾಯಿ ಕಾಲದಲ್ಲಿ ನಾನು ದಿನಾ ಸಂಜೆಯ ಬಸ್ಸಿಗೆ ಹೋಗಿ ತಾಡಪಾಲಿನ ಒಂದು ತುದಿ ಹಿಡಿಯುತ್ತೇನೆ. ಮುಗಿಲು ಗಾಜಿನಂತೆ ಇದ್ದರೂ ಮುಚ್ಚುತ್ತೇವೆ. ಅಕ್ಕ ಇನ್ನೊಂದು ತುದಿಯಲ್ಲಿ ಹಾಡುತ್ತಿರುತ್ತಾಳೆ, ರಾಗ ಮಾತ್ರ ಕೇಳಬೇಡಿ.

ಈಗ ಅವಳ ಕೈಗೊಂದು ಮೊಬೈಲು ಬಂದಿದೆ. ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ ನನ್ನದು ರಿಂಗಾಗುತ್ತದೆ.

"ಇವತ್ತ ಸೊನ್ನಿ," ಎನ್ನುತ್ತಾಳೆ. "ನೋಡೇ ಹೇಳಾಕತ್ತೇನಿ."